ಕನಿಷ್ಠ ಎಂಟು

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂಬುದನ್ನು ಕೊಪ್ಪದಲ್ಲಿ ಇದುವರೆಗೆ ಒಬ್ಬರಿಗೂ ಸರಿಯಾಗಿ ಹೇಳಲಾಗಿಲ್ಲ. ಪ್ರಯತ್ನಪಡಲಿಲ್ಲ ಎಂದಲ್ಲ. ಬ್ಯಾಂಕಿನ ಫಾರಮ್ಮಿನಲ್ಲಿ, ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ, ಉದ್ಯೋಗ ಎಂಬ ಜಾಗ ಬಂದಾಗಲೆಲ್ಲ ನನ್ನ ಪೆನ್ನು ನಿಲ್ಲುತ್ತದೆ. ಕೊನೆಗೆ 'ಕಂಪ್ಯೂಟರ್' ಎಂದು ಬರೆದುಬಿಡುತ್ತೇನೆ. ಅದು ಉದ್ಯೋಗವಲ್ಲ, ಸಾಮಾನು. ಆದರೂ ಎದುರಿಗೆ ಕೂತವರಿಗೆ ಸಮಾಧಾನವಾಗುತ್ತದೆ, ಮುದ್ರೆ ಒತ್ತುತ್ತಾರೆ.

ಇಲ್ಲಿ ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ. ಹವಾಮಾನದ ಮುನ್ಸೂಚನೆ, ವಿಮಾನದ ರೆಕ್ಕೆಯ ಮೇಲೆ ಗಾಳಿ ಹರಿಯುವ ಬಗೆ, ಇಂಥ ಭಾರೀ ಲೆಕ್ಕಗಳನ್ನು ಒಂದೇ ಯಂತ್ರ ಮಾಡಿ ಮುಗಿಸುವುದಿಲ್ಲ. ಲೆಕ್ಕವನ್ನು ತುಂಡು ಮಾಡಿ ನೂರಾರು ಪ್ರೊಸೆಸರುಗಳಿಗೆ ಹಂಚುತ್ತಾರೆ. ಹಾಗೆ ಹಂಚುವ ಪ್ರೋಗ್ರಾಮು ಬರೆಯುವವರಿಗೆ ಸಲಕರಣೆಗಳು ಬೇಕು: ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರು, ತಪ್ಪು ಎಲ್ಲಿದೆ ಎಂದು ಹುಡುಕುವ ಡಿಬಗ್ಗರು. ಅವುಗಳನ್ನು ಮಾಡುವ ಒಂದು ಕಂಪನಿ ಎಲ್ಲೋ ದೂರದಲ್ಲಿದೆ. ಆ ಸಲಕರಣೆ ಹಾಕಿಕೊಳ್ಳಬೇಕಾದರೆ ನಿಮ್ಮ ಕಂಪ್ಯೂಟರಿನಲ್ಲಿ ಏನೇನಿರಬೇಕು, ಯಾವ ಜಾತಿಯ ಪ್ರೊಸೆಸರು, ಎಷ್ಟು ಮೆಮೊರಿ, ಡಿಸ್ಕಿನಲ್ಲಿ ಎಷ್ಟು ಜಾಗ, ಯಾವ ಆಪರೇಟಿಂಗ್ ಸಿಸ್ಟಂ, ಎಷ್ಟನೆಯ ಆವೃತ್ತಿ ಎಂದು ಹೇಳುವ ಒಂದು ಪುಟ ಅವರ ವೆಬ್‌ಸೈಟಿನಲ್ಲಿರುತ್ತದೆ. ಆ ಪುಟ ಬರೆಯುವವಳು ನಾನು.

ನನ್ನ ಕೋಣೆ ಇರುವುದು ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಫ್ಯಾನ್ಸಿ ಸ್ಟೋರಿನ ಮಹಡಿಯ ಮೇಲೆ. ಅಂಗಡಿ ನಡೆಸುವ ಓನರ್ ಅಮ್ಮನಿಗೆ ಇದನ್ನೆಲ್ಲ ಒಮ್ಮೆ ಕೂತು ವಿವರಿಸಿದ್ದೆ. ಅವರು ಬಳೆ ಡಬ್ಬಗಳ ಧೂಳು ಒರೆಸುತ್ತಲೇ ಕೇಳಿಸಿಕೊಂಡರು.

"ಅಂದ್ರೆ ಹೋಮಕ್ಕೆ ಭಟ್ರು ಚೀಟಿ ಬರ್ದು ಕೊಡ್ತಾರಲ್ಲ, ತುಪ್ಪ ಇಷ್ಟು, ದರ್ಭೆ ಇಷ್ಟು ಅಂತ, ಹಂಗೆ. ಹೋಮ ಮಾಡೋರು ಬೇರೆ. ನಿಂದು ಬರೀ ಚೀಟಿ."

"ಹೌದು, ಬರೀ ಚೀಟಿ."

"ಅದಕ್ಕೂ ಸಂಬಳ ಕೊಡ್ತಾರಾ ಮಾರಾಯ್ತಿ!"

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಆದರೆ ಆ ಹೆಂಗಸು ನನ್ನ ಮ್ಯಾನೇಜರಿಗಿಂತ ಚೆನ್ನಾಗಿ ನನ್ನ ಕೆಲಸವನ್ನು ಅರ್ಥಮಾಡಿಕೊಂಡಿದ್ದರು. ಆ ಮ್ಯಾನೇಜರನ್ನು ನಾನು ನೋಡಿಲ್ಲ. ಏಳು ವರ್ಷದಲ್ಲಿ ಕಂಪನಿಯ ಒಬ್ಬರ ಮುಖವನ್ನೂ ನೋಡಿಲ್ಲ. ಮೀಟಿಂಗುಗಳಲ್ಲಿ ಎಲ್ಲರೂ ಕ್ಯಾಮೆರಾ ಆರಿಸಿಕೊಂಡಿರುತ್ತಾರೆ, ಬಣ್ಣಬಣ್ಣದ ವೃತ್ತಗಳಲ್ಲಿ ಒಂದೊಂದು ಅಕ್ಷರ ಇರುತ್ತದೆ. ಆ ಅಕ್ಷರಗಳ ಜೊತೆ ನಾನು ಹಬ್ಬದ ಶುಭಾಶಯ ಹಂಚಿಕೊಳ್ಳುತ್ತೇನೆ.

ನನ್ನೂರು ಕೆರೆಕಟ್ಟೆಯ ಕಡೆ. ಅಲ್ಲಿಗೆ ದಿನಕ್ಕೆ ಬರುವ ಬಸ್ಸುಗಳನ್ನು ಬೆರಳಲ್ಲಿ ಎಣಿಸಬಹುದು, ಫೈಬರ್ ಲೈನಿನ ಮಾತಂತೂ ಬೇಡ. ಲೈನು ಇರುವುದು ಕೊಪ್ಪದಲ್ಲಿ, ಆದ್ದರಿಂದ ನಾನು ಇರುವುದೂ ಕೊಪ್ಪದಲ್ಲಿ. ಮದುವೆಯಾಗಲಿಲ್ಲ. ನಲವತ್ತೆರಡು ದಾಟಿದ ಮೇಲೆ ಆ ವಿಷಯವನ್ನು ಯಾರೂ ಎತ್ತುವುದಿಲ್ಲ, ಎತ್ತದಿರುವುದೂ ಒಮ್ಮೊಮ್ಮೆ ನೋವು ಕೊಡುತ್ತದೆ. ಬೆಳಿಗ್ಗೆ ಎಂಟಕ್ಕೆ ಮೇಜಿನ ಮುಂದೆ ಕೂತರೆ ಸಂಜೆ ಆರರವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿವೆ. ಒಮ್ಮೆ ಸಂಜೆ ಹಾಲಿನ ಅಂಗಡಿಯಲ್ಲಿ "ಅರ್ಧ ಲೀಟರ್" ಎನ್ನಲು ಹೋಗಿ ಗಂಟಲು ಕಟ್ಟಿ, ಅಂಗಡಿಯವರು ಶೀತವಾ ಎಂದು ಕೇಳಿದ್ದರು. ಶೀತ ಅಲ್ಲ, ಬೆಳಿಗ್ಗೆಯಿಂದ ಗಂಟಲನ್ನು ಬಳಸಿರಲಿಲ್ಲ ಅಷ್ಟೆ.

ಕಳೆದ ಜೂನಿನಲ್ಲಿ ಆ ಪ್ರಶ್ನೆ ಬಂತು. ಪುಟದ ಕೆಳಗೆ 'ನಿಮ್ಮ ಪ್ರಶ್ನೆ ಕೇಳಿ' ಎಂಬ ಪೆಟ್ಟಿಗೆ ಇದೆ. ಅದರಲ್ಲಿ ಬಂದದ್ದೆಲ್ಲ ನನಗೆ ಬರುತ್ತದೆ. ಹೆಚ್ಚಿನವು ದೂರದ ವಿಶ್ವವಿದ್ಯಾಲಯಗಳಿಂದ, ಸಂಶೋಧನಾ ಕೇಂದ್ರಗಳಿಂದ. ಇದು ಹಳೆಯ ಕಾಲದ, ತುಂಬ ಗೌರವದ ಇಂಗ್ಲಿಷಿನಲ್ಲಿತ್ತು. ತಮ್ಮ ಕಂಪ್ಯೂಟರಿನಲ್ಲಿ ನಾಲ್ಕು ಜಿಬಿ ಮೆಮೊರಿ ಮಾತ್ರ ಇದೆ, ನಿಮ್ಮ ಪುಟ ಕನಿಷ್ಠ ಎಂಟು ಎನ್ನುತ್ತದೆ, ಇದಕ್ಕೆ ವಿನಾಯಿತಿ ಇದೆಯೇ ಎಂದು ಒಬ್ಬ ನಿವೃತ್ತ ಗಣಿತ ಉಪನ್ಯಾಸಕರು ಕೇಳಿದ್ದರು. ಕೊನೆಯಲ್ಲಿ ಪತ್ರಕ್ಕೆ ಬರೆಯುವ ಹಾಗೆ ಊರು ಬರೆದಿದ್ದರು: ನರಸಿಂಹರಾಜಪುರ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಎದ್ದು ಏನು ಮಾಡಬೇಕೆಂದು ತಿಳಿಯದೆ ಕಿಟಕಿ ತೆಗೆದೆ. ಕೆಳಗೆ ಎನ್.ಆರ್.ಪುರದ ಬಸ್ಸೇ ನಿಂತಿತ್ತು, ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ. ಪ್ರಪಂಚದ ಯಾವ ಮೂಲೆಯಿಂದಲೋ ಪ್ರಶ್ನೆ ಕೇಳುವವರಿಗೆ ಉತ್ತರ ಬರೆದುಕೊಂಡು ಕೂತವಳಿಗೆ, ಬಸ್ಸಿನಲ್ಲಿ ಹೋಗಬಹುದಾದ ಊರಿನಿಂದ ಒಬ್ಬರು ಬರೆದಿದ್ದಾರೆ. ಗ್ರಾಹಕರಿಗೆ ನೇರವಾಗಿ ಫೋನ್ ಮಾಡಬಾರದು ಎಂಬ ನಿಯಮ ಇದೆ. ಅವರು ಕೊಟ್ಟಿದ್ದ ನಂಬರಿಗೆ ನಾನು ನನ್ನ ಫೋನಿನಿಂದಲೇ ಮಾಡಿದೆ.

"ಕೊಪ್ಪದಿಂದಾನಾ?" ಎಂದರು ಆ ಕಡೆಯಿಂದ. "ನೀನು ಕೊಪ್ಪದಲ್ಲಿ ಕೂತು ಆ ಕಂಪನಿ ಕೆಲ್ಸ ಮಾಡೋದಾ? ಹೌದಾ ಮಾರಾಯ್ತಿ? ಒಂದ್ನಿಮಿಷ ತಡಿ." ಫೋನನ್ನು ಹಾಗೇ ಹಿಡಿದು ಒಳಗೆ ಕೂಗಿದರು: "ಕೇಳಿತೇನೇ, ಕೊಪ್ಪದ ಹುಡುಗಿ ಅಂತೆ!" ನನ್ನನ್ನು ಯಾರಾದರೂ ಹುಡುಗಿ ಎಂದು ಕರೆದು ಬಹಳ ದಿನವಾಗಿತ್ತು.

ಅವರು ತಮ್ಮ ಕಥೆ ಹೇಳಿದರು. ವಿದ್ಯಾರ್ಥಿಯಾಗಿದ್ದಾಗ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆದಿದ್ದರಂತೆ. ಚೌಕಾಕಾರದ ಒಂದು ಲೋಹದ ತಗಡು. ಅದರ ಒಂದು ಅಂಚನ್ನು ಕಾಯಿಸಿ, ಉಳಿದ ಮೂರು ಅಂಚುಗಳನ್ನು ತಣ್ಣಗಿಟ್ಟರೆ ತಗಡಿನ ಒಳಗೆ ಬಿಸಿ ಹೇಗೆ ಹರಡಿ ನಿಲ್ಲುತ್ತದೆ ಎಂಬುದು ಲೆಕ್ಕ. ತಗಡಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಬಿಂದುಗಳನ್ನು ಇಡುವುದು, ಒಂದೊಂದು ಬಿಂದುವಿನ ಬಿಸಿಯೂ ಅದರ ಅಕ್ಕಪಕ್ಕದ ನಾಲ್ಕರ ಸರಾಸರಿಯಾಗುವವರೆಗೆ ಮತ್ತೆ ಮತ್ತೆ ಲೆಕ್ಕ ಹಾಕುವುದು. ಅವರಿಗೆ ಒಂದು ಸಾಲಿಗೆ ಇನ್ನೂರೊಂದು ಬಿಂದು ಬೇಕಿತ್ತು. ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೂತಿದ್ದಾತ ಪ್ರೋಗ್ರಾಮನ್ನು ತೂತು ಹೊಡೆದು ಬರೆದಿದ್ದ ಕಾರ್ಡುಗಳ ಕಟ್ಟನ್ನು ವಾಪಸ್ಸು ತಳ್ಳಿ, "ಮೆಮೊರಿ ಸಾಲದು, ಇಪ್ಪತ್ತಕ್ಕೆ ಇಳಿಸಿ ತನ್ನಿ" ಎಂದನಂತೆ. ಇಪ್ಪತ್ತಕ್ಕೆ ಇಳಿಸಿದರು, ಪದವಿ ಪಡೆದರು, ಕೆಲಸಕ್ಕೆ ಸೇರಿದರು. ಎನ್.ಆರ್.ಪುರದಲ್ಲಿ ಮೂವತ್ತು ಚಿಲ್ಲರೆ ವರ್ಷ ಕಲನಶಾಸ್ತ್ರ ಪಾಠ ಮಾಡಿದರು. ಇನ್ನೂರೊಂದು ಹಾಗೇ ಉಳಿಯಿತು.

"ಈಗ ಆ ಲೆಕ್ಕ ಯಾವ ಮಷಿನ್ನಾದ್ರೂ ಮಾಡ್ತದೆ, ನಂಗೊತ್ತು," ಎಂದರು. "ಬಿಟ್ಟಿ ಸಿಗೋ ಕಂಪೈಲರೂ ಇದಾವೆ. ನಂಗೆ ನಿಮ್ಮದೇ ಬೇಕು. ನಿಮ್ಮದ್ರಲ್ಲಿ ಒಂದು ಕಿಟಕಿ ಇದ್ಯಲ್ಲ, ಲೆಕ್ಕ ನಡೀತಾ ಇರೋವಾಗ್ಲೇ ನಂಬರನ್ನೆಲ್ಲ ಬಣ್ಣದಲ್ಲಿ ತೋರ್ಸೋದು. ಪ್ರೊಸೆಸರಿನ ಒಳಗೆ ಯಾವ ಕೋರ್ ಯಾವ ತುಂಡು ಮಾಡ್ತಿದೆ ಅಂತನೂ ಕಾಣ್ತದಂತಲ್ಲ. ಅದು ನೋಡ್ಬೇಕು."

ಆಮೇಲೆ ಸ್ವರ ಬದಲಿಸದೆ ಇನ್ನೊಂದು ವಿಷಯ ಹೇಳಿದರು. ಅವರ ಕಣ್ಣಿನ ನರ ಒಣಗುತ್ತಿದೆ. ಎಡಗಣ್ಣು ಆಗಲೇ ಹೋಗಿದೆ, ಬಲಗಣ್ಣು ವರ್ಷದೊಳಗೆ ಹೋಗಬಹುದು ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. ಹೋದದ್ದು ವಾಪಸ್ಸು ಬರುವುದಿಲ್ಲ.

"ಅದಕ್ಕೇ ಸ್ವಲ್ಪ ಅವಸರ," ಎಂದರು. "ಕನಿಷ್ಠ ಎಂಟು ಅಂತ ಹಾಕಿದೀರಿ. ನಾಲ್ಕರಲ್ಲಿ ಆಗ್ತದಾ?"

"ಆಗಲ್ಲ ಸರ್," ಎಂದೆ ನಾನು.

ಯೋಚನೆಯನ್ನೇ ಮಾಡಲಿಲ್ಲ. ಆ ಪುಟದಲ್ಲಿರುವುದನ್ನು ಹೇಳುವುದು ನನ್ನ ಕೆಲಸ, ಬಾಯಿ ತಾನಾಗಿ ಹೇಳಿತು. ಅವರೂ ವಾದ ಮಾಡಲಿಲ್ಲ. ಗಣಿತದ ಮೇಷ್ಟ್ರಿಗೆ ಕನಿಷ್ಠ ಎಂದರೆ ಕನಿಷ್ಠ, ಅದರ ಕೆಳಗೆ ಏನೂ ಇಲ್ಲ. "ಸರಿ ಹಂಗಾದ್ರೆ, ಮೆಮೊರಿ ಹೆಚ್ಚು ಮಾಡ್ಸಕ್ಕಾಗ್ತದಾ ನೋಡ್ತೀನಿ," ಎಂದರು.

ಆ ಎಂಟು ಎಲ್ಲಿಂದ ಬಂತು ಎಂದು ಈಗ ಹೇಳಬೇಕು. ನನ್ನ ಅಪ್ಪ ಅಡುಗೆಯವರು. ಶೃಂಗೇರಿ, ಕೊಪ್ಪದ ಸುತ್ತ ಮದುವೆ, ಉಪನಯನ, ತಿಥಿ ಯಾವುದಿದ್ದರೂ ಸೌಟು ಹಿಡಿದು ಹೋಗುತ್ತಿದ್ದರು. ಸಾಮಾನು ಪಟ್ಟಿ ಬರೆಯುವ ಕೆಲಸ ನನ್ನದಾಗಿತ್ತು, ಏಕೆಂದರೆ ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದೊಂದೇ. ಸಮಾರಂಭದ ಮನೆಯವರು ಇನ್ನೂರು ಎಲೆ ಎಂದರೆ ಅಪ್ಪ ಇನ್ನೂರೈವತ್ತು ಎಲೆಗೆ ಪಟ್ಟಿ ಹೇಳುತ್ತಿದ್ದರು. ಅಕ್ಕಿಯಲ್ಲಿ ಇಷ್ಟು ಸೇರಿಸು, ಬೆಲ್ಲದಲ್ಲಿ ಇಷ್ಟು ಸೇರಿಸು, ಬರೀ. "ಉಳಿದ್ರೆ ಯಾರೂ ಬೈಯಲ್ಲ. ಕಡಿಮೆ ಬಿದ್ರೆ ಅಡುಗೆಯವನ ಮಾನ ಹೋಗ್ತದೆ," ಎನ್ನುತ್ತಿದ್ದರು. ನಮ್ಮ ಕಡೆ ಇದು ಅಪ್ಪನೊಬ್ಬರ ಬುದ್ಧಿಯಲ್ಲ. ಪಟ್ಟಿ ಬರೆಯುವ ಎಲ್ಲರೂ ಹೀಗೇ ಬರೆಯುತ್ತಾರೆ, ಪಟ್ಟಿ ಓದುವವರಿಗೂ ಅದು ಗೊತ್ತಿರುತ್ತದೆ. ಅಂಗಡಿಯಲ್ಲಿ ಕೂತು ಅವರು ತಮ್ಮ ಪಾಲಿಗೆ ಸ್ವಲ್ಪ ಕಳೆದೇ ತರುತ್ತಾರೆ. ಬರೆದವರು ಏರಿಸಿ, ಓದಿದವರು ಇಳಿಸಿ, ಕೊನೆಗೆ ಊಟ ಸರಿಯಾಗುತ್ತದೆ.

ಕಂಪನಿಯ ಪುಟ ಬರೆಯಲು ಕೂತಾಗಲೂ ನಾನು ಅದನ್ನೇ ಮಾಡಿದೆ. ಪರೀಕ್ಷೆಗೆ ಹಾಕಿದಾಗ ಸಲಕರಣೆ ಎರಡು ಜಿಬಿಯಲ್ಲಿ ತಡವರಿಸಿತು. ನಾಲ್ಕರಲ್ಲಿ ನಡೆಯಿತು. ನಾನು ಎಂಟು ಎಂದು ಬರೆದೆ. ಯಾರಿಗಾದರೂ ಕಡಿಮೆ ಬಿದ್ದು ನನ್ನ ಪುಟದ ಮಾನ ಹೋಗಬಾರದು ಎಂದು. ಆದರೆ ಈ ಪಟ್ಟಿಯನ್ನು ಓದುವವರು ನಮ್ಮ ಕಡೆಯವರಲ್ಲ, ಇಳಿಸಿ ಓದುವುದು ಅವರಿಗೆ ಗೊತ್ತಿಲ್ಲ. ನಮ್ಮ ಕಡೆಯವರೇ ಒಬ್ಬರು ಓದಿದಾಗ ಅವರು ಮೇಷ್ಟ್ರಾಗಿದ್ದರು.

ಇದೆಲ್ಲ ಜೂನಿನಲ್ಲಿ ನನಗೆ ನೆನಪಿರಲಿಲ್ಲ, ಸತ್ಯವಾಗಿ ಇರಲಿಲ್ಲ. ಏಳು ವರ್ಷದಲ್ಲಿ ಎಂಟು ಎಂಬುದು ಎಂಟೇ ಆಗಿಬಿಟ್ಟಿತ್ತು.

ಅವರ ಕಂಪ್ಯೂಟರು ತೀರ ಹಳೆಯದು, ಅದಕ್ಕೆ ಹೊಂದುವ ಮೆಮೊರಿ ಈಗ ಬರುವುದಿಲ್ಲ ಎಂದು ಎನ್.ಆರ್.ಪುರದ ರಿಪೇರಿ ಅಂಗಡಿಯವರು ಹೇಳಿದರು. ಹಾಗಾದರೆ ಹೊಸದನ್ನೇ ತೆಗೆದುಕೊಳ್ಳುವುದು ಎಂದು ಮೇಷ್ಟ್ರು ತೀರ್ಮಾನ ಮಾಡಿದರು. ಅದರ ವಿಚಾರ ಮಾತಾಡಲು ಭಾನುವಾರ ನಾಲ್ಕು ಗಂಟೆಗೆ ಫೋನು ಮಾಡಿದರು. ಮುಂದಿನ ಭಾನುವಾರವೂ ಮಾಡಿದರು. ಜುಲೈ ಹೊತ್ತಿಗೆ ಅದು ಅಭ್ಯಾಸವಾಯಿತು. ನಾನು ಮೂರೂವರೆಗೆ ಕಾಫಿ ಮಾಡಿಕೊಂಡು, ಫೋನನ್ನು ಚಾರ್ಜಿಗೆ ಹಾಕಿ ತುಂಬಿಸಿಟ್ಟುಕೊಂಡು ಕಾಯುತ್ತಿದ್ದೆ. ಭಾನುವಾರ ಸಂಜೆ ಹಾಲಿನ ಅಂಗಡಿಗೆ ಹೋದರೆ ನನ್ನ ಸ್ವರ ಸರಿಯಾಗಿರುತ್ತಿತ್ತು.

ನಾವು ಮಾತಾಡುತ್ತಿದ್ದದ್ದು ಹೆಚ್ಚಾಗಿ ಆ ತಗಡಿನ ಬಗ್ಗೆಯೇ. ಹಳೆಯ ಪ್ರೋಗ್ರಾಮಿನ ಪ್ರತಿ ಅವರ ಬಳಿ ಇತ್ತು, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದದಲ್ಲಿ. ಅದನ್ನು ಅವರು ಬಲಗಣ್ಣಿಗೆ ಹತ್ತಿರ ಹಿಡಿದು ಓದಿ, ಹಳೆಯ ಕಂಪ್ಯೂಟರಿನಲ್ಲಿ ಒಂದೊಂದೇ ಸಾಲು ಟೈಪು ಮಾಡಿಟ್ಟಿದ್ದರು. ಲೆಕ್ಕವನ್ನು ಎರಡು ಕೋರುಗಳಿಗೆ ಹಂಚುವ ಸಾಲುಗಳನ್ನು ಹೊಸದಾಗಿ ಕಲಿತು ಸೇರಿಸಿದ್ದರು. ಎರಡು ತುಂಡುಗಳು ಸೇರುವ ಗಡಿಯಲ್ಲಿ ಏನಾಗುತ್ತದೆ ಎಂಬುದು ಅವರ ದೊಡ್ಡ ಚಿಂತೆ.

"ಒಂದೊಂದು ಬಿಂದುವೂ ಅಕ್ಕಪಕ್ಕದ ನಾಲ್ಕನ್ನ ನೋಡ್ಕೊಂಡೇ ಬದುಕೋದು," ಎಂದರು ಒಮ್ಮೆ. "ಗಡಿಯಲ್ಲಿರೋದಕ್ಕೆ ಆಚೆಯವನ ನಂಬರ್ ಗೊತ್ತಾಗ್ದೇ ಇದ್ರೆ ಅದು ಹಳೇ ನಂಬರನ್ನೇ ಇಟ್ಕೊಂಡು ಕೂತಿರ್ತದೆ, ಪಾಪ."

ನನ್ನ ಕೋಣೆಗೆ ಅಕ್ಕಪಕ್ಕ ಯಾರೂ ಇಲ್ಲ, ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಓನರ್ ಅಮ್ಮನ ಖಾಲಿ ರಟ್ಟಿನ ಡಬ್ಬಗಳು. ನಾನು ಅದನ್ನು ಮೇಷ್ಟ್ರಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ನಾನು ಅಳುತ್ತಿದ್ದೆ.

ಆಗಸ್ಟಿನಲ್ಲಿ ಕಂಪನಿಯ ಹೊಸ ಆವೃತ್ತಿ ಬರುವುದಿತ್ತು. ಪುಟ ತಿದ್ದಲು ಹಳೆಯ ಕಡತಗಳನ್ನು ತೆಗೆದೆ. ಅದರಲ್ಲಿ ನಾನೇ ಬರೆದಿಟ್ಟಿದ್ದ ಮೊದಲ ಪರೀಕ್ಷೆಯ ಟಿಪ್ಪಣಿ ಸಿಕ್ಕಿತು. 'ನಾಲ್ಕು ಜಿಬಿ: ಎಲ್ಲ ನಡೆಯುತ್ತದೆ, ಬಣ್ಣದ ಕಿಟಕಿ ತೆರೆಯಲು ಸ್ವಲ್ಪ ನಿಧಾನ.' ಅದರ ಕೆಳಗೆ, 'ಪುಟದಲ್ಲಿ ಎಂಟು ಹಾಕುವುದು.'

ಅನುಮಾನ ಬೇಡವೆಂದು ಅವತ್ತೇ ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಒಂದು ಯಂತ್ರದ ಮೆಮೊರಿಯನ್ನು ನಾಲ್ಕಕ್ಕೆ ಕಟ್ಟಿಹಾಕಿ ಎಲ್ಲವನ್ನೂ ಹಾಕಿದೆ. ಇನ್‌ಸ್ಟಾಲರು ಮೆಮೊರಿ ಕಡಿಮೆ ಇದೆ ಎಂದು ಹಳದಿ ಬಣ್ಣದಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. 'ಆದರೂ ಮುಂದುವರಿಸು' ಎಂಬುದನ್ನು ಒತ್ತಿದೆ. ಹತ್ತು ನಿಮಿಷದಲ್ಲಿ ಕಿಟಕಿ ತೆರೆದುಕೊಂಡಿತು. ನೋಡಿಕೊಂಡು ಕೂತೆ.

ಅದು ಬುಧವಾರ. ಆಗಲೇ ಫೋನು ಮಾಡಬಹುದಿತ್ತು. ಭಾನುವಾರ ಹೇಗೂ ಅವರೇ ಮಾಡುತ್ತಾರಲ್ಲ, ಆಗ ಹೇಳೋಣ ಎಂದುಕೊಂಡೆ.

ಭಾನುವಾರ ಅವರು ಬಹಳ ಖುಷಿಯಲ್ಲಿದ್ದರು. ಶಿವಮೊಗ್ಗದ ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪಿಗೆ ಹೇಳಿಟ್ಟಾಯಿತು, ಹದಿನಾರು ಜಿಬಿಯದು, ಬರಲು ಕೆಲವು ವಾರ ಬೇಕಂತೆ ಎಂದರು. ಒಂದು ಗಂಟೆ ಮಾತಾಡಿದರು. ನಾಲ್ಕು ಸಲ ನನ್ನ ಬಾಯಿಯವರೆಗೆ ಬಂತು. ಹೇಳಲಿಲ್ಲ.

ಏಕೆ ಹೇಳಲಿಲ್ಲ ಎಂಬುದಕ್ಕೆ ಎರಡು ಕಾರಣಗಳಿವೆ, ಒಂದು ಹೇಳಿಕೊಳ್ಳಬಹುದಾದದ್ದು. "ಆಗಲ್ಲ ಸರ್" ಎಂದು ಅಷ್ಟು ಖಡಾಖಂಡಿತವಾಗಿ ಹೇಳಿದವಳು ಈಗ ತಪ್ಪು ನನ್ನದು ಎನ್ನಬೇಕಿತ್ತು, ನಾಚಿಕೆಯಾಯಿತು. ಇನ್ನೊಂದು ಕಾರಣವನ್ನು ಆಗ ನನಗೇ ನಾನು ಹೇಳಿಕೊಂಡಿರಲಿಲ್ಲ. ಅವರು ಭಾನುವಾರ ಫೋನು ಮಾಡುತ್ತಿದ್ದದ್ದು ಕಾಯುತ್ತಿದ್ದ ಕಾರಣಕ್ಕೆ. ಪ್ರೋಗ್ರಾಮು ಓಡಿಬಿಟ್ಟರೆ ಆ ಫೋನು ಏಕೆ ಬರಬೇಕು? ಕೆಲವು ವಾರ ತಾನೆ, ಹೊಸ ಯಂತ್ರ ಬಂದೇ ಬರುತ್ತದೆ, ಅದರಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದುಕೊಂಡೆ. ಒಬ್ಬರ ಕಣ್ಣಿನ ವಾರಗಳನ್ನು ತೆಗೆದು ನನ್ನ ಭಾನುವಾರಗಳಿಗೆ ಹಾಕಿಕೊಂಡೆ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಲ್ಯಾಪ್‌ಟಾಪು ಬರಲಿಲ್ಲ. ಆ ಮಾದರಿ ಮುಗಿದಿದೆ, ಬೇರೆಯದನ್ನು ತರಿಸುತ್ತೇವೆ ಎಂದರಂತೆ. ಅಕ್ಟೋಬರಿನ ಒಂದು ಭಾನುವಾರ ಮಾತಿನ ನಡುವೆ ಮೇಷ್ಟ್ರು, "ಇವತ್ತು ಪೇಪರ್ ಓದಕ್ಕಾಗ್ಲಿಲ್ಲ," ಎಂದರು. ನಾನು ಬೆಳಕು ಕಡಿಮೆ ಇತ್ತೇನೋ ಸರ್ ಎಂದೆ. "ಹೌದು, ಇರ್ಬೇಕು," ಎಂದರು. ಮುಂದಿನ ವಾರ ಆ ಮಾತು ಎತ್ತಲಿಲ್ಲ. ಅದರ ಮುಂದಿನ ವಾರ, ಬಾಗಿಲು ಎಲ್ಲಿದೆ ಎಂದು ಕಾಣುತ್ತದೆ, ಬಾಗಿಲಲ್ಲಿ ಯಾರಿದ್ದಾರೆ ಎಂದು ಕಾಣುವುದಿಲ್ಲ ಎಂದರು. ಆಗಲೂ ಹೇಳಬಹುದಿತ್ತು. ಆಗ ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ.

ನವೆಂಬರಿನಲ್ಲಿ ಯಂತ್ರ ಬಂತು. ಹಾಕಿಕೊಡಲು ಬರುತ್ತೀಯಾ ಎಂದು ಕೇಳಿದರು. ಒಂದು ಭಾನುವಾರ ಬೆಳಗಿನ ಬಸ್ಸು ಹತ್ತಿದೆ.

ಆರು ತಿಂಗಳು ಕೇಳಿದ ಸ್ವರಕ್ಕೆ ಒಂದು ಮುಖ ಇರುತ್ತದೆ ಎಂಬುದೇ ನನಗೆ ವಿಚಿತ್ರವಾಗಿತ್ತು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ಅಮ್ಮನವರು, ಅಂದರೆ ಅವರ ಹೆಂಡತಿ, ಒಳಗಿನಿಂದ ಬಂದು ಏನೂ ಮಾತಾಡದೆ ಅದನ್ನು ಸರಿಮಾಡಿ, ನನಗೆ ಕಾಫಿ ತಂದುಕೊಟ್ಟು, ಮೂಲೆಯ ಕುರ್ಚಿಯಲ್ಲಿ ಕೂತು ಹೂ ಕಟ್ಟತೊಡಗಿದರು. ಮೇಷ್ಟ್ರು ನನ್ನ ಸ್ವರದ ಕಡೆ ಮುಖ ಮಾಡಿ ನಕ್ಕರು. ನನ್ನ ಮುಖ ಅವರಿಗೆ ಕಾಣಲಿಲ್ಲ.

ಮೇಜಿನ ಮೇಲೆ ಎರಡೂ ಯಂತ್ರಗಳಿದ್ದವು. ಒಂದು ಕಡೆ ಹಳದಿಯಾಗಿದ್ದ ಹಳೆಯ ಪೆಟ್ಟಿಗೆ, ಅದರ ಪಕ್ಕ ಹೊಸ ಲ್ಯಾಪ್‌ಟಾಪು. ಲ್ಯಾಪ್‌ಟಾಪು ತೆರೆದು ಅದರ ವಿವರ ನೋಡಿದೆ. ಅದರ ಪ್ರೊಸೆಸರು ಬೇರೆ ಜಾತಿಯದು. ನಮ್ಮ ಸಲಕರಣೆ ಆ ಜಾತಿಯಲ್ಲಿ ನಡೆಯುವುದೇ ಇಲ್ಲ. ಪುಟದ ಮೊದಲನೆಯ ಸಾಲಿನಲ್ಲೇ ಅದು ಇದೆ. ಹೇಳಿಟ್ಟಿದ್ದ ಮಾದರಿಗೆ ಬದಲಾಗಿ ಇದು ಬಂದಾಗ ಮೇಷ್ಟ್ರಿಗೆ ಆ ಸಾಲು ಓದಲು ಕಣ್ಣು ಇರಲಿಲ್ಲ. ನೆನಪಿದ್ದ ಒಂದೇ ವಿಷಯವನ್ನು, ಮೆಮೊರಿಯನ್ನು, ಅಂಗಡಿಯವರಿಗೆ ಒತ್ತಿ ಒತ್ತಿ ಹೇಳಿದ್ದರು. ಹದಿನಾರು ಜಿಬಿ ಇತ್ತು, ಸರಿಯಾಗಿಯೇ ಇತ್ತು.

"ಆಗ್ತಿದ್ಯಾ?" ಎಂದರು.

"ಆಗ್ತದೆ ಸರ್. ಸ್ವಲ್ಪ ಹೊತ್ತು," ಎಂದೆ.

ಲ್ಯಾಪ್‌ಟಾಪನ್ನು ಮುಚ್ಚಿ ಹಳೆಯ ಪೆಟ್ಟಿಗೆಯ ಗುಂಡಿ ಒತ್ತಿದೆ. ನನ್ನ ಪೆನ್‌ಡ್ರೈವಿನಲ್ಲಿದ್ದ ಸಲಕರಣೆಯನ್ನು ಅದಕ್ಕೆ ಹಾಕಿದೆ. ಹಳದಿ ಎಚ್ಚರಿಕೆ ಬಂತು, 'ಆದರೂ ಮುಂದುವರಿಸು' ಒತ್ತಿದೆ. ಅವರು ಟೈಪು ಮಾಡಿಟ್ಟಿದ್ದ ಪ್ರೋಗ್ರಾಮು ಅಲ್ಲೇ ಇತ್ತು, ಒಂದೂ ತಪ್ಪಿಲ್ಲದೆ ಕಂಪೈಲ್ ಆಯಿತು. ಓಡಿಸಿದೆ. ಬಣ್ಣದ ಕಿಟಕಿ ತೆರೆದುಕೊಳ್ಳಲು ಕಾಫಿ ಆರುವಷ್ಟು ಹೊತ್ತು ತೆಗೆದುಕೊಂಡಿತು, ಆಮೇಲೆ ತೆರೆದುಕೊಂಡಿತು. ಮೇಲಿನ ಅಂಚಿನಿಂದ ಕೆಂಪು ನಿಧಾನವಾಗಿ ಕೆಳಗೆ ಇಳಿಯತೊಡಗಿತು. ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗಿ, ಬದಿಗಳಲ್ಲಿ ನೀಲಿ ಉಳಿದು, ನಡುವೆ ಬಾಗಿದ ಗೆರೆಗಳಾಗಿ ಹರಡುತ್ತಿತ್ತು. ಏಳು ವರ್ಷ ಆ ಕಿಟಕಿಯ ಬಗ್ಗೆ ಬರೆದಿದ್ದೆ, ಅದು ಚೆಂದ ಎಂದು ಅವತ್ತೇ ಗೊತ್ತಾದದ್ದು.

"ಬಂತು ಸರ್," ಎಂದೆ. "ಮೇಲೆ ಕೆಂಪು, ಕೆಳಗೆ ಬರ್ತಾ ಬರ್ತಾ ಹಳದಿ, ಮೂಲೆಯಲ್ಲೆಲ್ಲ ನೀಲಿ..."

"ಬಣ್ಣ ಬೇಡ," ಎಂದರು. "ನಂಬರ್ ಹೇಳು. ನಡುಮಧ್ಯದ ಬಿಂದು. ನೂರಾ ಒಂದು, ನೂರಾ ಒಂದು. ಎಷ್ಟು ಬಂದಿದೆ?"

"ಹನ್ನೊಂದೂವರೆ. ಏರ್ತಾ ಇದೆ. ಹದಿನೆಂಟು. ಇಪ್ಪತ್ತೆರಡು."

"ನಿಲ್ಲು ನಿಲ್ಲು. ಇಪ್ಪತ್ತೈದಕ್ಕೆ ನಿಲ್ಬೇಕು. ನಾಲ್ಕು ಅಂಚಿನಲ್ಲಿ ಒಂದೇ ನೂರು, ಉಳಿದದ್ದು ಸೊನ್ನೆ, ನಡುವಿನವನಿಗೆ ಕಾಲು ಭಾಗ ಸಲ್ಲೋದು."

ನಾವಿಬ್ಬರೂ ಕಾದೆವು. ಇಪ್ಪತ್ತನಾಲ್ಕೂವರೆ. ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು. ಆಮೇಲೆ ಅದು ಇಪ್ಪತ್ತೈದಕ್ಕೆ ಬಂದು ನಿಂತಿತು. ಹೇಳಿದೆ. ಅವರು ಎರಡೂ ಕೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಗಟ್ಟಿಯಾಗಿ ನಕ್ಕರು. "ಇಪ್ಪತ್ತೈದಂತೆ ಕಣೇ!" ಎಂದು ಹೆಂಡತಿಗೆ ಹೇಳಿದರು. ಅಮ್ಮನವರು ಹೂ ಕಟ್ಟುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು.

ಆಮೇಲೆ ಮೇಷ್ಟ್ರು ತಲೆಯನ್ನು ಸ್ವಲ್ಪ ವಾರೆ ಮಾಡಿದರು.

"ಇದು ಹಳೇ ಫ್ಯಾನಿನ ಸದ್ದಲ್ವಾ?"

ಅವರು ಕೈಚಾಚಿ ಹಳೆಯ ಪೆಟ್ಟಿಗೆಯನ್ನು ಮುಟ್ಟಿದರು. ಅದು ಬೆಚ್ಚಗಿತ್ತು. ಲ್ಯಾಪ್‌ಟಾಪನ್ನು ಮುಟ್ಟಿದರು, ಮುಚ್ಚಿತ್ತು, ತಣ್ಣಗಿತ್ತು.

"ನಾಲ್ಕರಲ್ಲಿ ಓಡ್ತಿದೆ," ಎಂದರು. ಪ್ರಶ್ನೆಯಾಗಿ ಅಲ್ಲ.

"ಹೌದು ಸರ್."

"ಮತ್ತೆ ಕನಿಷ್ಠ ಎಂಟು ಅಂತ ಬರ್ದವ್ರು ಯಾರು?"

"ನಾನೇ ಸರ್. ಒಂದಿಷ್ಟು ಹೆಚ್ಚೇ ಇರ್ಲಿ ಅಂತ ಬರ್ದಿದ್ದೆ."

ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ತರಗತಿಯಲ್ಲಿ ಲೆಕ್ಕದ ಯಾವ ಹೆಜ್ಜೆಯಲ್ಲಿ ತಪ್ಪಾಗಿದೆ ಎಂದು ಹುಡುಕುವಾಗ ಹೇಗೆ ಕೇಳುತ್ತಿದ್ದರೋ ಹಾಗೇ ಕೇಳಿದರು.

"ನಾಲ್ಕರಲ್ಲಿ ಆಗ್ತದೆ ಅಂತ ನಿಂಗೆ ಗೊತ್ತಾಗಿದ್ದು ಯಾವಾಗ? ಇವತ್ತಾ?"

ಇವತ್ತು ಎಂದುಬಿಡಬಹುದಿತ್ತು. ಅವರು ನಂಬುತ್ತಿದ್ದರು. ಅಮ್ಮನವರ ಕಣ್ಣು ನನ್ನ ಮೇಲಿತ್ತು.

"ಆಗಸ್ಟ್‌ನಲ್ಲಿ ಸರ್."

"ಆಗಸ್ಟ್‌ನಲ್ಲಿ ನಂಗೆ ಕಾಣ್ತಿತ್ತು," ಎಂದರು ಅವರು.

ಆಮೇಲೆ ಮೊದಲನೆಯ ಸಾಲಿನಿಂದ ಓದಿ ಹೇಳು ಎಂದರು. ಓದಿದೆ. ಇನ್ನೂರೊಂದು ಸಾಲುಗಳಲ್ಲಿ ಹತ್ತು ಸಾಲಿಗೊಂದರಂತೆ, ಗಡಿಯ ಸಾಲುಗಳನ್ನು ಮಾತ್ರ ಪೂರ್ತಿಯಾಗಿ. ಗಡಿಯ ಎರಡೂ ಕಡೆ ನಂಬರುಗಳು ಸರಿಯಾಗಿ ಕೂಡಿಕೊಂಡಿದ್ದವು, ಅವರ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನನ್ನ ಗಂಟಲು ಒಣಗಿ ಸ್ವರ ಒಡೆದಾಗ ಅಮ್ಮನವರು ನೀರು ತಂದು ಮೇಜಿನ ಮೇಲೆ ಇಟ್ಟರು, ನನ್ನ ಕೈಗೆ ಕೊಡಲಿಲ್ಲ. ಮೂರು ಗಂಟೆಗೆ ಮೇಷ್ಟ್ರು, "ಸಾಕು, ನಿನ್ನ ಬಸ್ಸಿಗೆ ಹೊತ್ತಾಯ್ತು," ಎಂದರು. ಇನ್ನೊಮ್ಮೆ ಬಾ ಎನ್ನಲಿಲ್ಲ. ಬಾಗಿಲವರೆಗೆ ಬಂದರು, ಗೋಡೆ ಹಿಡಿದುಕೊಂಡು.

ಸೋಮವಾರ ಪುಟ ತಿದ್ದಿದೆ. ಎಂಟನ್ನು ಅಳಿಸಿ ನಾಲ್ಕು ಎಂದು ಬರೆದೆ. ಬದಲಾವಣೆಗೆ ಕಾರಣ ಎಂಬ ಜಾಗದಲ್ಲಿ 'ಪರೀಕ್ಷಿಸಿ ನೋಡಲಾಗಿದೆ' ಎಂದು ಹಾಕಿದೆ. ವೃತ್ತದೊಳಗಿನ ಒಂದು ಅಕ್ಷರ ಒಪ್ಪಿಗೆಯ ಹೆಬ್ಬೆರಳ ಗುರುತು ಒತ್ತಿತು, ಮುಗಿಯಿತು.

ಆ ಭಾನುವಾರ ನಾಲ್ಕು ಗಂಟೆಗೆ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸಿಟ್ಟಾಗುವ ಹಕ್ಕು ಅವರಿಗಿದೆ ಎಂದು ಸುಮ್ಮನಿದ್ದೆ. ಮೂರನೆಯ ಭಾನುವಾರ ತಡೆಯಲಾಗದೆ ನಾನೇ ಮಾಡಿದೆ. ಅಮ್ಮನವರು ಎತ್ತಿಕೊಂಡರು.

"ಸರ್ ಇದಾರಾ ಅಮ್ಮ?" ಎಂದೆ.

ಅವರು ಉತ್ತರ ಹೇಳುವ ಮೊದಲೇ ಹಿಂದಿನಿಂದ ಮೇಷ್ಟ್ರ ಸ್ವರ ಕೇಳಿಸಿತು. ಅವಸರದ ಸ್ವರ, ಕುರ್ಚಿಯಿಂದ ಎದ್ದು ಬರುವವರ ಸ್ವರ. "ಯಾರೇ ಅದು? ಕೊಪ್ಪದಿಂದಾನಾ?"

"ಅಲ್ಲ," ಎಂದರು ಅಮ್ಮನವರು, ಅವರಿಗೆ. "ಯಾರೋ ರಾಂಗ್ ನಂಬರು."

ಫೋನು ಕಟ್ಟಾಯಿತು. ಎಷ್ಟೋ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಮೇಷ್ಟ್ರು ತಾವಾಗಿಯೇ ಮಾಡಲಿ ಎಂದು ಕಾಯುವ ಹಾಗಿಲ್ಲ. ಕಣ್ಣು ಹೋದ ಮೇಲೆ ಅವರಿಗೆ ನಂಬರು ಒತ್ತಿಕೊಡುವವರು ಅಮ್ಮನವರೇ.